ಶವರ್ ಗೋಡೆಗೆ ವಿಟ್ರಿಫೈಡ್ ಟೈಲ್ಸ್: ಬರೀ ಸಿಮೆಂಟ್ ಸಾಕಾ?

ಶವರ್ ಗೋಡೆಗೆ ಎರಡಡಿ-ಒಂದಡಿಯ ವಿಟ್ರಿಫೈಡ್ ಟೈಲ್ಸನ್ನು ಸಿಮೆಂಟಿನಲ್ಲೇ ಅಂಟಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಈ ಟೈಲ್ಸ್ ನೀರು ಹೀರುವುದು ಶೇ. 0.5ರಷ್ಟು ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ಬರೀ ಸಿಮೆಂಟ್ ಸರಿಯಾಗಿ ಕಚ್ಚುವುದಿಲ್ಲ. ನಾನೂ ಮೊದಲು ಹಾಗೇ ಮಾಡಿದ್ದೆ, ವರ್ಷ ತುಂಬುವಷ್ಟರಲ್ಲಿ ಎರಡು ಟೈಲ್ ಕೈಗೇ ಬಂದವು. ಪಾಲಿಮರ್ ಬೆರೆತ ಟೈಲ್ ಅಡೆಸಿವ್ ತನ್ನಿ. ಸ್ವಲ್ಪ ದುಬಾರಿ, ಆದರೆ ಎರಡು ಸಲ ಕೆಲಸ ಮಾಡುವುದಕ್ಕಿಂತ ಅಗ್ಗ ಅಲ್ವಾ?

ಅದಕ್ಕೂ ಮೊದಲು ವಾಟರ್‌ಪ್ರೂಫಿಂಗ್. ಟೈಲ್ಸ್ ಹಾಕಿದರೆ ನೀರು ಒಳಗೆ ಹೋಗಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಟೈಲ್ಸ್ ನಡುವಿನ ಸಂದಿಗೆ ತುಂಬುವ ಸಿಮೆಂಟ್ ಗ್ರೌಟಿನ ಮೂಲಕ ನೀರು ನಿಧಾನವಾಗಿ ಇಳಿಯುತ್ತದೆ. ಪ್ಲಾಸ್ಟರ್ ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಬಳಿಯಿರಿ. ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಮೂಲೆ ಮತ್ತು ನಲ್ಲಿ ಪೈಪಿನ ಸುತ್ತ ಜಾಸ್ತಿ ಗಮನ ಕೊಡಿ, ಸೋರಿಕೆ ಶುರುವಾಗುವುದು ಹೆಚ್ಚಾಗಿ ಅಲ್ಲೇ.

ನೆಲ ಸಾಮಾನ್ಯವಾಗಿ ಇಳಿಜಾರು, ಅದನ್ನು ನಂಬಿ ಕೆಳಗಿನ ಸಾಲಿನಿಂದ ಶುರು ಮಾಡಬೇಡಿ. ಒಂದು ನೇರ ಪಟ್ಟಿಯನ್ನು ಲೆವೆಲ್ ನೋಡಿ ಗೋಡೆಗೆ ಹೊಡೆದು, ಅದರ ಮೇಲೆ ಎರಡನೇ ಸಾಲು ಕೂರಿಸಿ. ಕೆಳಗಿನದನ್ನು ಆಮೇಲೆ ಕತ್ತರಿಸಿ ಹಾಕಿ. ಅಡೆಸಿವ್ ಅನ್ನು ಹಲ್ಲಿನ ಕರಣೆಯಿಂದ ಗೋಡೆಗೆ ಎಳೆಯಿರಿ, ಟೈಲಿನ ಬೆನ್ನಿಗೂ ತೆಳುವಾಗಿ ಸವರಿ. ಸುಮ್ನೆ ನಾಲ್ಕು ಮೂಲೆಗೆ ಉಂಡೆ ಇಟ್ಟು ಒತ್ತಿದರೆ ಒಳಗೆ ಟೊಳ್ಳು ಉಳಿಯುತ್ತದೆ. ಮಾರನೇ ದಿನ ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅದನ್ನು ತೆಗೆದು ಮತ್ತೆ ಹಾಕಿ.

ಟೈಲ್ಸ್ ಹಾಕಿ 24 ಗಂಟೆ ಬಿಟ್ಟು ಗ್ರೌಟ್ ತುಂಬಿ. ಗೋಡೆ-ಗೋಡೆ ಸೇರುವ ಮೂಲೆಗೆ ಮಾತ್ರ ಗ್ರೌಟ್ ಬೇಡ, ಸಿಲಿಕೋನ್ ಹಾಕಿ.