80 ಲಕ್ಷ ಪ್ರತಿ ಮಾರಿದ ಮಾರ್ವೆಲ್ ಐದೇ ವರ್ಷಕ್ಕೆ ದಿವಾಳಿ ಆಗಿದ್ದು ಹೇಗೆ?

ನೀವು ಎರಡು ವಿಷಯ ಕೇಳಿದ್ದೀರಿ. 1991ರಲ್ಲಿ ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಗಿ ಗಿನ್ನೆಸ್ ದಾಖಲೆಗೆ ಸೇರಿತು. ಅಂಥ ಕಂಪನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ಯಾಕೆ ಅನ್ನೋದು ಮೊದಲನೆಯದು. ಅಮೆರಿಕದಲ್ಲಿದ್ದ ಮಾಮಾ ಕೊಟ್ಟ ಆ ಸಂಚಿಕೆ ನಿಮ್ಮ ಹತ್ತಿರ ಇದೆ, ಈಗ ಒಳ್ಳೆ ಬೆಲೆ ಬರುತ್ತಾ ಅನ್ನೋದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಬ್ಬಳ್ಳಿಯ ಸ್ಟೇಷನ್ ರಸ್ತೆಯಲ್ಲಿ ನಮ್ಮಪ್ಪನ ಪೇಪರ್ ಸ್ಟಾಲ್ ಇತ್ತು. ಹೈಸ್ಕೂಲಿನಿಂದ ಡಿಗ್ರಿ ಮುಗಿಯುವ ತನಕ ಬೆಳಗಿನ ಐದಕ್ಕೆ ಅಲ್ಲಿ ಕಟ್ಟು ಬಿಚ್ಚುವ ಕೆಲಸ ನನ್ನದು. ಸುಧಾ, ತರಂಗ, ಚಂದಮಾಮ, ಬಾಲಮಂಗಳ, ನಮ್ಮ ಊರಿನದೇ ಆದ ಕಸ್ತೂರಿ. ಸುತಳಿ ಬಿಚ್ಚಿ ಎಣಿಸಿ, “ಅಪ್ಪಾ, ಅರವತ್ತು ಬಂದಾವು” ಅಂದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: “ಬಂದದ್ದು ಇರಲಿ, ಹೋದ ಸಲದ್ದು ಎಷ್ಟು ಉಳದಾವು ಹೇಳು.”

ತಿಂಗಳ ಕೊನೆಗೆ ಉಳಿದ ಪತ್ರಿಕೆಗಳನ್ನು ಹಲಗೆ ಮೇಲೆ ಇಟ್ಟು, ಕಬ್ಬಿಣದ ಸ್ಕೇಲ್ ಒತ್ತಿ ಹಿಡಿದು, ಮುಖಪುಟದಲ್ಲಿ ಪತ್ರಿಕೆಯ ಹೆಸರು ಇರುವ ಮೇಲಿನ ಪಟ್ಟಿಯನ್ನು ಹರಿಯುತ್ತಿದ್ದೆವು. ಆ ಪಟ್ಟಿಗಳನ್ನು ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ಏಜೆಂಟರಿಗೆ ಕೊಟ್ಟರೆ ಅಷ್ಟು ಪ್ರತಿಯ ದುಡ್ಡು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಿತ್ತು. ಹರಿದ ಪುಸ್ತಕ ರದ್ದಿಗೆ. ಪೂರ್ತಿ ಪುಸ್ತಕ ವಾಪಸ್ ಕಳಿಸಿದರೆ ಸಾಗಿಸುವ ಖರ್ಚೇ ಜಾಸ್ತಿ ಆಗುತ್ತದೆ, ಅದಕ್ಕೆ ಪಟ್ಟಿ ಸಾಕು. ಅಮೆರಿಕದಲ್ಲಿಯೂ ಹಿಂದೆ ಕಾಮಿಕ್ಸ್ ಮಾರುತ್ತಿದ್ದದ್ದು ಹೀಗೆಯೇ ಅಂತ ಆಮೇಲೆ ಓದಿದಾಗ ನನಗೆ ಬಹಳ ಖುಷಿ ಆಯಿತು. ಅಲ್ಲಿಯೂ ಪೇಪರ್ ಸ್ಟಾಲು, ಅಲ್ಲಿಯೂ ಮುಖಪುಟ ಹರಿದು ಲೆಕ್ಕ ಒಪ್ಪಿಸುವುದು. ಅಂದಿನಿಂದ ಈ ಕಂಪನಿಯ ಕಥೆಯನ್ನು ನಾನು ಅಂಗಡಿ ಕಡೆಯಿಂದ ಓದುತ್ತಾ ಬಂದಿದ್ದೇನೆ.

ಮಾರ್ಟಿನ್ ಗುಡ್‌ಮನ್ ಅನ್ನೋ ಪತ್ರಿಕಾ ವ್ಯಾಪಾರಿ 1939ರಲ್ಲಿ ಟೈಮ್ಲಿ ಹೆಸರಿನಲ್ಲಿ ಕಾಮಿಕ್ಸ್ ಶುರು ಮಾಡಿದ. ಅದೇ ಮುಂದೆ ಮಾರ್ವೆಲ್ ಆಯಿತು. ಯಾವುದು ಓಡುತ್ತದೋ ಅದನ್ನು ಅಚ್ಚು ಹಾಕು, ಓಡದಿದ್ದರೆ ನಿಲ್ಲಿಸು, ಇದು ಅವನ ರೀತಿ. ಅವನಿಗೆ ಸ್ವಂತ ವಿತರಣೆ ಕಂಪನಿಯೂ ಇತ್ತು. 1950ರ ದಶಕದ ಮಧ್ಯದಲ್ಲಿ ಅದನ್ನು ಮುಚ್ಚಿ, ಅಮೆರಿಕನ್ ನ್ಯೂಸ್ ಕಂಪನಿ ಅನ್ನೋ ದೊಡ್ಡ ವಿತರಕರ ಕೈಗೆ ಪುಸ್ತಕ ಕೊಟ್ಟ. 1957ರಲ್ಲಿ ಆ ಕಂಪನಿ ಸಗಟು ವಿತರಣೆಯನ್ನೇ ನಿಲ್ಲಿಸಿಬಿಟ್ಟಿತು.

ಪುಸ್ತಕ ಇದೆ, ಓದುವವರಿದ್ದಾರೆ, ನಡುವೆ ಒಯ್ಯುವ ಗಾಡಿಯೇ ಇಲ್ಲ. ಆಗ ಗುಡ್‌ಮನ್ ಹೋಗಿ ನಿಂತದ್ದು ಎದುರಾಳಿಯ ಬಾಗಿಲಲ್ಲಿ. ಇಂಡಿಪೆಂಡೆಂಟ್ ನ್ಯೂಸ್ ಅನ್ನೋ ವಿತರಣೆ ಸಂಸ್ಥೆ ಸೂಪರ್‌ಮ್ಯಾನ್ ಪ್ರಕಟಿಸುವವರದ್ದೇ, ಅಂದರೆ ಇವತ್ತಿನ ಡಿಸಿಯವರದ್ದು. ಅವರು ಒಯ್ಯಲು ಒಪ್ಪಿದರು, ಆದರೆ ತಿಂಗಳಿಗೆ ಎಂಟೇ ಪುಸ್ತಕ ಅಂತ ಮಿತಿ ಹಾಕಿದರು. ಕೆಲಸಗಾರರನ್ನು ಮನೆಗೆ ಕಳಿಸಿದ್ದಾಯಿತು. ಉಳಿದವರಲ್ಲಿ ಒಬ್ಬರು ಸಂಪಾದಕ, ಕಥೆಗಾರ ಸ್ಟ್ಯಾನ್ ಲೀ. 1961ರ ಫೆಂಟಾಸ್ಟಿಕ್ ಫೋರ್, 1962ರ ಸ್ಪೈಡರ್‌ಮ್ಯಾನ್ ಎಲ್ಲ ಬಂದದ್ದು ಈ ಇಕ್ಕಟ್ಟಿನಲ್ಲೇ. ಇರುವ ಎಂಟೇ ಜಾಗದಲ್ಲಿ ಯಾವ ಪುಸ್ತಕ ಇಡಬೇಕು ಅಂತ ಪ್ರತಿ ತಿಂಗಳೂ ಯೋಚಿಸಲೇಬೇಕಾದ ಪರಿಸ್ಥಿತಿ. ಆ ಕಾಲದ ಮಾರ್ವೆಲ್ ಅಷ್ಟು ಗಟ್ಟಿ ಇರಲು ಇದೂ ಒಂದು ಕಾರಣ ಅಂತ ನಾನು ನಂಬುತ್ತೇನೆ. 1968ರಲ್ಲಿ ಗುಡ್‌ಮನ್ ಕಂಪನಿಯನ್ನು ಮಾರಿದ. ಹೊಸ ವಿತರಕರು ಸಿಕ್ಕರು, ಆ ಮಿತಿ ಹೋಯಿತು.

ಈಗ ನಿಮ್ಮ ಪ್ರಶ್ನೆಯ ಗಂಟು ಇರುವ ಜಾಗಕ್ಕೆ ಬರುತ್ತೇನೆ. 1970ರ ದಶಕದಲ್ಲಿ ಬ್ರೂಕ್ಲಿನ್‌ನ ಫಿಲ್ ಸೂಲಿಂಗ್ ಅನ್ನೋ ಹೈಸ್ಕೂಲ್ ಮೇಷ್ಟ್ರು ಪ್ರಕಾಶಕರ ಹತ್ತಿರ ಹೋಗಿ ಹೊಸ ವ್ಯವಹಾರ ಮಾತಾಡಿದರು. ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳಿಗೆ ನಮ್ಮ ಮೂಲಕ ನೇರವಾಗಿ ಕೊಡಿ, ಕಮಿಷನ್ ಜಾಸ್ತಿ ಕೊಡಿ, ನಾವು ಒಂದು ಪ್ರತಿಯನ್ನೂ ವಾಪಸ್ ಮಾಡುವುದಿಲ್ಲ. ಪ್ರಕಾಶಕರಿಗೆ ಇದಕ್ಕಿಂತ ಇನ್ನೇನು ಬೇಕು? ಮುಖಪುಟ ಹರಿಯೋದಿಲ್ಲ, ಬಿಲ್ಲಿನಲ್ಲಿ ಕಳೆಯೋದಿಲ್ಲ, ಆರ್ಡರ್ ಎಷ್ಟೋ ಅಷ್ಟೇ ಅಚ್ಚು. ಇದರಿಂದ ಕಾಮಿಕ್ಸ್ ಬದುಕಿತು ಅನ್ನೋದು ಸುಳ್ಳಲ್ಲ.

ಆದರೆ ವಾಪಸ್ ಬರುವ ಪಟ್ಟಿ ಪ್ರಕಾಶಕನಿಗೆ ಒಂದು ಸುದ್ದಿಯನ್ನೂ ತರುತ್ತಿತ್ತು ಅಲ್ವಾ? ಎಷ್ಟು ಜನ ಓದಲಿಲ್ಲ ಅನ್ನೋ ಸುದ್ದಿ. ಈಗ ಅದು ಬರುವುದು ನಿಂತಿತು. ಅಂಗಡಿಯವನು ಕೊಂಡರೆ ಸಾಕು, ಅದೇ ‘ಮಾರಾಟ’.

ಇದು ನಮ್ಮ ಮನೆಯಲ್ಲೂ ಒಮ್ಮೆ ನಡೆಯಿತು. ಒಂದು ವರ್ಷ ಒಬ್ಬ ಪ್ರಕಾಶಕರು ದೀಪಾವಳಿ ವಿಶೇಷಾಂಕಕ್ಕೆ ಜಾಸ್ತಿ ಕಮಿಷನ್ ಕೊಟ್ಟರು. ಷರತ್ತು ಏನಂದರೆ ವಾಪಸ್ ಇಲ್ಲ. ಜೊತೆಗೆ ಒಂದು ಉಡುಗೊರೆಯ ಪಾಕೀಟು ಅಂಟಿಸಿದ್ದರು. ಅಪ್ಪ ಧೈರ್ಯ ಮಾಡಿ ಇನ್ನೂರು ತೆಗೆದುಕೊಂಡರು. ಎಂಬತ್ತರ ಹತ್ತಿರ ಹೋದವು. ಉಳಿದದ್ದು ಸಂಕ್ರಾಂತಿ ತನಕ ಹಲಗೆ ಕೆಳಗೆ ಇದ್ದು, ಕೊನೆಗೆ ರದ್ದಿಯವನ ತಕ್ಕಡಿಗೆ ಏರಿದವು. ಆ ಪ್ರಕಾಶಕರ ಲೆಕ್ಕದಲ್ಲಿ ಮಾತ್ರ ನಮ್ಮ ಅಂಗಡಿಯಲ್ಲಿ ಇನ್ನೂರು ಮಾರಾಟ. ಮುಂದಿನ ವರ್ಷ ಅಪ್ಪ ಅವರಿಂದ ಮೂವತ್ತೇ ತರಿಸಿದರು. ರದ್ದಿ ತೂಗುವಾಗ ಅಪ್ಪನ ಮುಖ ಹೇಗಿತ್ತು ಅಂತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾರ್ವೆಲ್‌ನಲ್ಲಿ ಇದು ದೇಶದ ತುಂಬ ಆಯಿತು. 1989ರ ಜನವರಿಯಲ್ಲಿ ರಾನ್ ಪೆರೆಲ್‌ಮನ್ ಅನ್ನೋ ಹಣವಂತ ಸುಮಾರು 8.25 ಕೋಟಿ ಡಾಲರ್ ಕೊಟ್ಟು ಕಂಪನಿ ಕೊಂಡ. ಸೌಂದರ್ಯ ಸಾಮಗ್ರಿಯ ರೆವ್ಲಾನ್ ಕೂಡ ಆಗ ಅವನದ್ದೇ ಆಗಿತ್ತು. 1991ರಲ್ಲಿ ಮಾರ್ವೆಲ್ ಷೇರುಪೇಟೆಗೆ ಬಂತು. ಷೇರು ಏರಬೇಕೆಂದರೆ ಪ್ರತಿ ಮೂರು ತಿಂಗಳಿಗೂ ಮಾರಾಟ ಏರಬೇಕು. ಹಳೇ ಕಾಮಿಕ್ಸಿಗೆ ಸಾವಿರಾರು ಡಾಲರ್ ಬೆಲೆ ಬಂತು ಅನ್ನೋ ಸುದ್ದಿ ಆಗ ಪೇಪರ್ ಪೇಪರಿನಲ್ಲೂ ಇತ್ತು. ಜನ ಓದಲಿಕ್ಕಲ್ಲ, ಇಡಲಿಕ್ಕೆ ಕೊಳ್ಳತೊಡಗಿದರು. ನಾಳೆ ಬೆಲೆ ಬರುತ್ತದೆ ಅಂತ ಒಬ್ಬೊಬ್ಬರು ಹತ್ತು ಹತ್ತು ಪ್ರತಿ.

ಮಾರ್ವೆಲ್ ಅದಕ್ಕೆ ತಕ್ಕ ಸರಕು ಕೊಟ್ಟಿತು. ‘ಎಕ್ಸ್-ಫೋರ್ಸ್’ ಅನ್ನೋ ಇನ್ನೊಂದು ಕಾಮಿಕ್ಸಿನ ಮೊದಲ ಸಂಚಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಒಳಗೆ ಒಂದು ಚಿತ್ರದ ಕಾರ್ಡು ಇಟ್ಟರು. ಬೇರೆ ಬೇರೆ ಚೀಲದಲ್ಲಿ ಬೇರೆ ಬೇರೆ ಕಾರ್ಡು. ನಿಮ್ಮ ಹತ್ತಿರ ಇರುವ ‘ಎಕ್ಸ್-ಮೆನ್’ಗೆ ಐದು ಮುಖಪುಟ. ನಾಲ್ಕನ್ನು ಪಕ್ಕಪಕ್ಕ ಇಟ್ಟರೆ ಒಂದೇ ದೊಡ್ಡ ಚಿತ್ರ, ಐದನೆಯದರಲ್ಲಿ ಆ ಪೂರ್ತಿ ಚಿತ್ರ. ಒಳಗಿನ ಕಥೆ ಐದರಲ್ಲೂ ಅದೇ. ಒಬ್ಬ ಹುಡುಗ ಐದು ಕೊಂಡರೆ ಅದು ಐದು ಮಾರಾಟ, ಓದುಗ ಮಾತ್ರ ಒಬ್ಬ. ಅಂಗಡಿಯವರು ತರಿಸಿದ್ದು 81 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಎಷ್ಟೋ ಪೆಟ್ಟಿಗೆ ಅಂಗಡಿಯ ಹಿಂದಿನ ಕೋಣೆ ದಾಟಲೇ ಇಲ್ಲ.

1992ರಲ್ಲಿ ಮಾರ್ವೆಲ್‌ನ ಹೆಸರಾಂತ ಚಿತ್ರಕಾರರು ಏಳು ಮಂದಿ ಸೇರಿ ಇಮೇಜ್ ಅನ್ನೋ ಸ್ವಂತ ಪ್ರಕಾಶನ ಕಟ್ಟಿದರು. ನಿಮ್ಮ ಸಂಚಿಕೆಯ ಚಿತ್ರ ಬರೆದ ಜಿಮ್ ಲೀ ಅವರಲ್ಲಿ ಒಬ್ಬರು. 1993ರಿಂದ ಅಂಗಡಿಗಳ ಕೈ ಬಿಗಿಯಾಯಿತು. ಹಿಂದಿನ ಸರಕಿನಲ್ಲಿ ಹಾಕಿದ ದುಡ್ಡೇ ತಿರುಗಿ ಬಂದಿಲ್ಲ, ಹೊಸದಕ್ಕೆ ಎಲ್ಲಿಂದ ತರೋದು? ಸಾವಿರಾರು ಅಂಗಡಿ ಮುಚ್ಚಿದವು.

ಅದೇ ಹೊತ್ತಿಗೆ ಮಾರ್ವೆಲ್‌ನ ಯಜಮಾನರು ಸಾಲ ಮಾಡಿ ಕಂಪನಿ ಕೊಳ್ಳುತ್ತಿದ್ದರು. 1992ರಲ್ಲಿ ಫ್ಲೀರ್. ಬಬಲ್‌ಗಮ್ ಕಂಡುಹಿಡಿದ ಕಂಪನಿ ಅದು, 1928ರಲ್ಲಿ ಅಲ್ಲಿನ ಲೆಕ್ಕದ ಗುಮಾಸ್ತರೊಬ್ಬರು ಮಾಡಿದ್ದು. ಆಮೇಲೆ ಆಟಗಾರರ ಚಿತ್ರದ ಕಾರ್ಡಿಗೆ ಹೆಸರಾಯಿತು. ನಾವೂ ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಕ್ಕೆ ಜಗಳ ಆಡಿದ್ದೇವಲ್ಲ, ಅದೇ ವ್ಯಾಪಾರ. 1994ರಲ್ಲಿ ಇಟಲಿಯ ಸ್ಟಿಕರ್ ಕಂಪನಿ ಪನಿನಿ, 1995ರಲ್ಲಿ ಇನ್ನೊಂದು ಕಾರ್ಡ್ ಕಂಪನಿ ಸ್ಕೈಬಾಕ್ಸ್. 1994ರ ಆಗಸ್ಟಿನಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು, ಆ ವರ್ಷದ ಫೈನಲ್ ಸರಣಿಯೇ ನಡೆಯಲಿಲ್ಲ. ಕಾರ್ಡಿನ ವ್ಯಾಪಾರ ಕುಸಿಯಿತು, ಸಾಲ ಮಾತ್ರ ಹಾಗೇ ನಿಂತಿತು.

ಇಷ್ಟಾದರೂ ಕಂಪನಿ ಹೇಗೋ ತಡೆದುಕೊಳ್ಳುತ್ತಿತ್ತೇನೋ. ನನ್ನ ಪ್ರಕಾರ ದೊಡ್ಡ ತಪ್ಪು ಆದದ್ದು 1994ರ ಕೊನೆಗೆ. ಮಾರ್ವೆಲ್ ನ್ಯೂಜೆರ್ಸಿಯ ಹೀರೋಸ್ ವರ್ಲ್ಡ್ ಅನ್ನೋ ಸಣ್ಣ ವಿತರಕ ಕಂಪನಿಯನ್ನು ಕೊಂಡು, ಇನ್ನು ಮುಂದೆ ನಮ್ಮ ಪುಸ್ತಕ ಇವರ ಹತ್ತಿರ ಮಾತ್ರ ಸಿಗುತ್ತದೆ ಅಂತ ಸಾರಿತು. ನಡುವಿನವರ ಕಮಿಷನ್ ಉಳಿಸುವ ಲೆಕ್ಕ. ಆದರೆ ಒಂದು ಮೂಲೆಯ ಕೆಲಸ ಮಾಡುತ್ತಿದ್ದವರ ಮೇಲೆ ಇಡೀ ಅಮೆರಿಕದ ಮಾರ್ವೆಲ್ ಹೊರೆ ಬಿತ್ತು. ಪೆಟ್ಟಿಗೆ ತಡವಾಗಿ ಬಂತು, ಬೇರೆಯವರ ಪೆಟ್ಟಿಗೆ ಬಂತು, ಎಣಿಕೆ ತಪ್ಪಿತು.

ಇನ್ನೊಂದು ಏಟು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಅಂಗಡಿಯವನಿಗೆ ಕಮಿಷನ್ ಸಿಗುತ್ತಿದ್ದದ್ದು ಒಬ್ಬ ವಿತರಕನ ಹತ್ತಿರ ಒಟ್ಟು ಎಷ್ಟು ಸರಕು ತೆಗೆದುಕೊಳ್ಳುತ್ತಾನೆ ಅನ್ನೋದರ ಮೇಲೆ. ಮಾರ್ವೆಲ್ ಒಂದು ಕಡೆ, ಉಳಿದವರು ಒಂದು ಕಡೆ ಆದಾಗ ಸಣ್ಣ ಅಂಗಡಿಯ ಆರ್ಡರ್ ಎರಡು ತುಂಡಾಯಿತು. ಎರಡೂ ಕಡೆ ಕಮಿಷನ್ ಇಳಿಯಿತು, ಎರಡೂ ಕಡೆ ಸಾಗಣೆ ಖರ್ಚು ಬಂತು. ಸುಧಾ ಒಬ್ಬ ಏಜೆಂಟರಲ್ಲಿ, ತರಂಗ ಇನ್ನೊಬ್ಬರಲ್ಲಿ, ಇಬ್ಬರಿಗೂ ಬೇರೆ ಬೇರೆ ಡಿಪಾಸಿಟ್, ಇಬ್ಬರಲ್ಲೂ ಉದ್ರಿ ಇಲ್ಲ ಅಂದಿದ್ದರೆ ನಮ್ಮ ಸ್ಟಾಲ್ ಆರು ತಿಂಗಳು ನಡೆಯುತ್ತಿರಲಿಲ್ಲ. ಆ ಅಂಗಡಿಯವರ ಕಷ್ಟ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಡಿಸಿ, ಇಮೇಜ್, ಡಾರ್ಕ್ ಹಾರ್ಸ್ ಅನ್ನೋ ಬೇರೆ ಪ್ರಕಾಶಕರೆಲ್ಲ ಡೈಮಂಡ್ ಅನ್ನೋ ಒಬ್ಬ ವಿತರಕನ ಜೊತೆ ಒಪ್ಪಂದ ಮಾಡಿಕೊಂಡರು. ಬೇರೆ ವಿತರಕರು ಒಬ್ಬೊಬ್ಬರಾಗಿ ಮುಗಿದರು. 1997ರಲ್ಲಿ ಹೀರೋಸ್ ವರ್ಲ್ಡ್ ಮುಚ್ಚಿ ಮಾರ್ವೆಲ್ಲೂ ಡೈಮಂಡ್ ಕಡೆಗೇ ಹೋಗಬೇಕಾಯಿತು. ಸ್ವಂತ ಗಾಡಿ ಬಿಟ್ಟು 1957ರಲ್ಲಿ ಸಿಕ್ಕಿಬಿದ್ದರು, ಸ್ವಂತ ಗಾಡಿ ಕಟ್ಟಲು ಹೋಗಿ ಈಗ ಸಿಕ್ಕಿಬಿದ್ದರು.

ಅಷ್ಟರಲ್ಲಿ, 1996ರ ಡಿಸೆಂಬರ್ 27ರಂದು, ದಿವಾಳಿ ಅರ್ಜಿ ಕೋರ್ಟಿಗೆ ಹೋಗಿತ್ತು. ಸಾಲ ಸುಮಾರು 70 ಕೋಟಿ ಡಾಲರ್. 1993ರಲ್ಲಿ 35 ಡಾಲರ್ ದಾಟಿದ್ದ ಷೇರು ಎರಡು ಚಿಲ್ಲರೆ ಡಾಲರಿಗೆ ಇಳಿದಿತ್ತು. ಪೆರೆಲ್‌ಮನ್ ಮತ್ತು ಇನ್ನೊಬ್ಬ ಹಣವಂತ ಕಾರ್ಲ್ ಐಕಾನ್ ನಡುವಿನ ಕೋರ್ಟ್ ಜಗಳ ದೊಡ್ಡ ಕಥೆ, ಅದನ್ನು ಇಲ್ಲಿ ಬಿಡುತ್ತೇನೆ. ಗೆದ್ದದ್ದು ಆಟಿಕೆ ಮಾಡುವ ಟಾಯ್ ಬಿಜ್. 1993ರಲ್ಲೇ ಅವರು ತಮ್ಮ ಕಂಪನಿಯ 46% ಪಾಲು ಮಾರ್ವೆಲ್‌ಗೆ ಕೊಟ್ಟು, ಅದಕ್ಕೆ ಬದಲಾಗಿ ಮಾರ್ವೆಲ್ ಪಾತ್ರಗಳ ಆಟಿಕೆಯ ಹಕ್ಕನ್ನು ಶಾಶ್ವತವಾಗಿ ಪಡೆದಿದ್ದರು. 1998ರಲ್ಲಿ ಎರಡೂ ಒಂದಾದವು.

ಮುಂದಿನದು ನಿಮಗೆ ಗೊತ್ತಿರುವ ಸಿನಿಮಾ ಕಾಲ. 1998ರ ‘ಬ್ಲೇಡ್’ ಚಿತ್ರದಿಂದ ಮಾರ್ವೆಲ್ ಕೈಗೆ ಬಂದದ್ದು ಬರೀ 25,000 ಡಾಲರ್. 2002ರ ಸ್ಪೈಡರ್‌ಮ್ಯಾನ್ ಚಿತ್ರ ಜಗತ್ತಿನಾದ್ಯಂತ 80 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು, ದೊಡ್ಡ ಪಾಲು ಚಿತ್ರ ಮಾಡಿದ ಸೋನಿ ಕಂಪನಿಗೆ ಹೋಯಿತು. 2005ರಲ್ಲಿ ಹತ್ತು ಪಾತ್ರಗಳ ಸಿನಿಮಾ ಹಕ್ಕನ್ನು ಒತ್ತೆ ಇಟ್ಟು, ಮೆರಿಲ್ ಲಿಂಚ್ ಅನ್ನೋ ಹಣಕಾಸು ಸಂಸ್ಥೆಯಿಂದ 52.5 ಕೋಟಿ ಡಾಲರ್ ಸಾಲ ತಂದು, ತಾವೇ ಚಿತ್ರ ಮಾಡಲು ಇಳಿದರು. 2008ರಲ್ಲಿ ‘ಐರನ್ ಮ್ಯಾನ್’ ಬಂತು. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಇಡೀ ಕಂಪನಿಯನ್ನು ಕೊಂಡಿತು.

ಇನ್ನು ನಿಮ್ಮ ಪ್ರತಿಯ ವಿಷಯ. ಅದಕ್ಕೆ ದೊಡ್ಡ ಬೆಲೆ ಬರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಅಚ್ಚಾದದ್ದು 80 ಲಕ್ಷಕ್ಕೂ ಜಾಸ್ತಿ, ಎಲ್ಲರೂ ಜೋಪಾನವಾಗಿ ಇಟ್ಟರು, ಹಾಗಾಗಿ ಈಗಲೂ ರಾಶಿ ರಾಶಿ ಇವೆ. ಸ್ಪೈಡರ್‌ಮ್ಯಾನ್ ಮೊದಲು ಬಂದ 1962ರ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯ ಬೆಲೆ ಆಗ 12 ಸೆಂಟ್. 2021ರಲ್ಲಿ ಅದರ ಒಂದು ಒಳ್ಳೆ ಪ್ರತಿ 36 ಲಕ್ಷ ಡಾಲರಿಗೆ ಹರಾಜಾಯಿತು. ಆಗ ಮಕ್ಕಳು ಅದನ್ನು ಓದಿದರು, ಮಡಚಿ ಚಡ್ಡಿ ಜೇಬಿಗೆ ತುರುಕಿದರು, ಗೆಳೆಯರಿಗೆ ಕೊಟ್ಟರು. ಅಂಗಡಿಯಲ್ಲಿ ಉಳಿದವುಗಳ ಮುಖಪುಟವನ್ನು ನಮ್ಮಂಥ ಯಾರೋ ಸ್ಕೇಲ್ ಇಟ್ಟು ಹರಿದರು.

ನಿಮ್ಮ ಮಾಮಾ ಕೊಟ್ಟದ್ದನ್ನು ಕವರಿನಿಂದ ತೆಗೆದು ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಗೆ ಕೊಡಿ. ಜಿಮ್ ಲೀ ಬರೆದ ಆ ಚಿತ್ರಗಳು ನಿಜವಾಗಿಯೂ ಚೆನ್ನಾಗಿವೆ.