ಗೀ ಇಲ್ಲದೆ ಜೂಡೋ ಎಸೆತಗಳು ನಡೆಯುತ್ತವೆಯೇ?

ಗೀ (ಜೂಡೋ ಆಡುವಾಗ ಹಾಕುವ ಉಡುಪು) ಹಾಕಿ ಕಲಿತ ಜೂಡೋ, ಬರೀ ಟೀ ಶರ್ಟಲ್ಲಿ ಕೆಲಸಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತದೆ. ಹಿಡಿತವನ್ನು ಮಾತ್ರ ಹೊಸದಾಗಿ ಕಲಿಯಬೇಕು.

ಗೀ ದಪ್ಪ ಹತ್ತಿ ಬಟ್ಟೆಯದು. ಒಂದು ಕೈಯಲ್ಲಿ ಎದುರಾಳಿಯ ತೋಳಿನ ಬಟ್ಟೆ, ಇನ್ನೊಂದರಲ್ಲಿ ಕಾಲರ್ ಹಿಡಿದು ಎಳೆದರೆ ಅವನ ತೂಕ ಮುಂದಕ್ಕೆ ವಾಲುತ್ತದೆ. ಎಸೆಯುವುದು ಆಗಲೇ. ಗೀ ಇಲ್ಲದಿದ್ದರೆ ಬೆವರಿಗೆ ಕೈ ಜಾರುತ್ತದೆ, ದೂರದಿಂದ ಎಳೆಯಲು ಏನೂ ಸಿಗುವುದಿಲ್ಲ. ಹಾಗಾಗಿ ಎದೆಗೆ ಎದೆ ತಾಗುವಷ್ಟು ಹತ್ತಿರ ಹೋಗಿ. ಅವನ ಕಂಕುಳ ಕೆಳಗೆ ಕೈ ತೂರಿಸಿ ಬೆನ್ನು ಹಿಡಿಯಿರಿ. ಇಲ್ಲವೇ ಅವನ ತೋಳನ್ನು ಮೇಲಿಂದ ಸುತ್ತಿ ಬಿಗಿ ಮಾಡಿ. ಈ ಹಿಡಿತದಲ್ಲಿ ಸೊಂಟ, ತೊಡೆ ಬಳಸಿ ಎಸೆಯುವ ಒ-ಗೋಶಿ, ಹರಾಯ್-ಗೋಶಿ, ಉಚಿ-ಮಾತ ಪಟ್ಟುಗಳು ಚೆನ್ನಾಗಿ ಬರುತ್ತವೆ. ಕಾಲರ್‌ನಿಂದ ಕುತ್ತಿಗೆ ಬಿಗಿಯುವ ಪಟ್ಟುಗಳು ನಡೆಯುವುದಿಲ್ಲ ಅಷ್ಟೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದ ರೊಂಡಾ ರೌಸಿ, ಮುಂದೆ ಯುಎಫ್‌ಸಿ ಎಂಬ ಮಿಶ್ರ ಸಮರ ಕಲೆಯ ಸ್ಪರ್ಧೆಯಲ್ಲಿ ಗೀ ಇಲ್ಲದೆಯೇ ಎದುರಾಳಿಗಳನ್ನು ಎತ್ತಿ ಹಾಕಿದ್ದನ್ನು ನೋಡಿ, ಎಷ್ಟು ಚೆಂದ!

ಒಂದು ಎಚ್ಚರ. ಅಂತಾರಾಷ್ಟ್ರೀಯ ಜೂಡೋದಲ್ಲಿ ನಿಂತು ಆಡುವಾಗ ಕಾಲಿಗೆ ಕೈ ಹಾಕುವಂತಿಲ್ಲ, ಆ ಅಭ್ಯಾಸಕ್ಕೆ ನೆಟ್ಟಗೆ ನಿಲ್ಲುತ್ತೇವೆ. ಗೀ ಇಲ್ಲದ ಆಟದಲ್ಲಿ ಕುಸ್ತಿಯವರು ಮೊದಲು ನುಗ್ಗುವುದೇ ಕಾಲಿಗೆ. ಸ್ವಲ್ಪ ಬಗ್ಗಿ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ. ಹೊಸಬರಾದರೆ ಗೀಯಲ್ಲೇ ಶುರುಮಾಡುವುದು ಒಳ್ಳೆಯದು. ಹಿಡಿತ ಗಟ್ಟಿ ಇದ್ದಾಗ ತೂಕ ವಾಲುವುದು ಕೈಗೆ ಬೇಗ ತಿಳಿಯುತ್ತದೆ.