ಒಂದೇ ಎಂಜಿನ್‌ಗೆ ಎರಡು ಆರ್‌ಪಿಎಂ ಮೀಟರ್ ಯಾಕೆ?

ಪ್ರಶ್ನೆ: ನಾನು ದಾವಣಗೆರೆಯ ಒಂದು ರೈಸ್ ಮಿಲ್‌ನಲ್ಲಿ ಡೀಸೆಲ್ ಜನರೇಟರ್ ನೋಡಿಕೊಳ್ಳುತ್ತೇನೆ. ನನ್ನ ತಮ್ಮ ನೌಕಾಪಡೆ ಸೇರಿ ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ತರಬೇತಿಯಲ್ಲಿದ್ದಾನೆ. ರಜೆಗೆ ಬಂದಾಗ ಹಡಗಿನ ಗ್ಯಾಸ್ ಟರ್ಬೈನ್ ಪ್ಯಾನೆಲ್ ಹೇಗಿರುತ್ತದೆ ಅಂತ ಚಿತ್ರ ಬರೆದು ತೋರಿಸಿದ. ಒಂದು ಎಂಜಿನ್‌ಗೆ ಎರಡು ಆರ್‌ಪಿಎಂ ಮೀಟರ್! ಇಂಧನಕ್ಕೇ ನಾಲ್ಕೈದು ಮೀಟರ್. ಇಷ್ಟೆಲ್ಲ ಯಾಕೆ? ಮೊದಲು ಯಾವುದನ್ನು ನೋಡಬೇಕು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಜನರೇಟರ್‌ನಲ್ಲಿ ಎಂಜಿನ್ ತಿರುಗಿದರೆ ಆಲ್ಟರ್ನೇಟರ್ ಕೂಡ ತಿರುಗಲೇಬೇಕು, ಅಲ್ವಾ? ಗ್ಯಾಸ್ ಟರ್ಬೈನ್‌ನಲ್ಲಿ ಹಾಗಲ್ಲ. ಮುಂದಿನ ಭಾಗ ಗ್ಯಾಸ್ ಜನರೇಟರ್. ಅದು ಗಾಳಿ ಎಳೆದು, ಒತ್ತಿ, ಅದರಲ್ಲಿ ಡೀಸೆಲ್ ಉರಿಸುತ್ತದೆ. ಆ ಬಿಸಿ ಗ್ಯಾಸ್ ಹಿಂದಿನ ಪವರ್ ಟರ್ಬೈನ್ ತಿರುಗಿಸುತ್ತದೆ. ಪವರ್ ಟರ್ಬೈನ್ ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತದೆ. ಎರಡರ ನಡುವೆ ಶಾಫ್ಟ್ ಇಲ್ಲ, ಬರೀ ಗ್ಯಾಸ್. ಅದಕ್ಕೇ ಎರಡು ಮೀಟರ್.

ಎಲ್‌ಎಂ2500 ಟರ್ಬೈನನ್ನೇ ತಗೊಳ್ಳೋಣ. ಯುದ್ಧನೌಕೆ ಐಎನ್‌ಎಸ್ ಶಿವಾಲಿಕ್‌ನಲ್ಲಿ ಎರಡಿವೆ, 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್‌ನಲ್ಲಿ ನಾಲ್ಕು. ನೌಕಾಪಡೆಗೆ ಇವನ್ನು ಜೋಡಿಸಿಕೊಡುವುದು ನಮ್ಮ ಬೆಂಗಳೂರಿನ ಎಚ್‌ಎಎಲ್. ಇದರ ಗ್ಯಾಸ್ ಜನರೇಟರ್ ಐಡಲ್‌ನಲ್ಲೇ ಸುಮಾರು 5000 ಆರ್‌ಪಿಎಂ ತಿರುಗುತ್ತದೆ. ಅದೇ ಹೊತ್ತಿಗೆ ಪವರ್ ಟರ್ಬೈನ್ ಬ್ರೇಕ್ ಹಿಡಿದು ಸೊನ್ನೆಯಲ್ಲಿ ನಿಂತಿರಬಹುದು. ಮೀಟರ್ ಕೆಟ್ಟಿದೆ ಅಂತ ಹೊಸಬರು ಗಾಬರಿಯಾಗುವುದು ಇಲ್ಲೇ.

ಮೊದಲು ಏನು ನೋಡಬೇಕು ಅಂದರೆ, ನಾನು ಹೇಳುವುದು ಜೋಡಿಯನ್ನು. ಒಂದು, ಫ್ಯೂಯೆಲ್ ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ನಾಜಲ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ. ಇನ್ನೊಂದು, ಪವರ್ ಟರ್ಬೈನ್‌ಗೆ ಹೋಗುವ ಗ್ಯಾಸ್‌ನ ಟೆಂಪರೇಚರ್. ಪ್ಯಾನೆಲ್ ಮೇಲೆ ಅದು ಟಿ5.4.

ಸ್ಟಾರ್ಟ್ ಮಾಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಗಾಳಿಯ ಸ್ಟಾರ್ಟರ್ ಗ್ಯಾಸ್ ಜನರೇಟರನ್ನು ತಿರುಗಿಸುತ್ತದೆ. 1200 ಆರ್‌ಪಿಎಂ ಹತ್ತಿರ ಕಿಡಿಯೂ ಡೀಸೆಲ್ಲೂ ಒಟ್ಟಿಗೆ ಬರುತ್ತವೆ. ಮ್ಯಾನಿಫೋಲ್ಡ್ ಮುಳ್ಳು ಏಳುತ್ತದೆ. ಅದರ ಹಿಂದೆಯೇ ಟಿ5.4 ಏರಬೇಕು. ಏರಿದರೆ ಬೆಂಕಿ ಹತ್ತಿದೆ. ಪ್ರೆಶರ್ ಇದ್ದೂ ಬಿಸಿ ಏರದಿದ್ದರೆ ಡೀಸೆಲ್ ಉರಿಯದೆ ಒಳಗೆ ಸೇರುತ್ತಿದೆ ಅಂತ ಅರ್ಥ. ತಕ್ಷಣ ನಿಲ್ಲಿಸಬೇಕು. ಇಂಧನ ಬಿಡದೆ ಸುಮ್ನೆ ತಿರುಗಿಸಿ, ಒಳಗಿನದನ್ನೆಲ್ಲ ಹೊರಗೆ ಹಾಕಿ, ಆಮೇಲೇ ಇನ್ನೊಂದು ಸಲ. ಇನ್ನೊಂದು ಅಪಾಯವೂ ಇದೆ. ಬಿಸಿ ಸರಸರ ಏರಿ ಮಿತಿ ದಾಟಬಹುದು. ಇದು ಹಾಟ್ ಸ್ಟಾರ್ಟ್. ಆಗಲೂ ಇಂಧನ ಕಡಿಯಲೇಬೇಕು, ಇಲ್ಲದಿದ್ದರೆ ಬ್ಲೇಡ್ ಸುಡುತ್ತದೆ. ಎಲ್ಲ ಸರಿಯಿದ್ದರೆ 4500ರ ಹತ್ತಿರ ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ.

ಓಡುವಾಗಲೂ ಇದೇ ಜೋಡಿ. ಮ್ಯಾನಿಫೋಲ್ಡ್ ಪ್ರೆಶರ್ 50 ಪಿಎಸ್‌ಐಗಿಂತ ಜಾಸ್ತಿ ಇದ್ದು ಟಿ5.4 ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆಂಕಿ ಆರಿದೆ ಅಂತಲೇ ಲೆಕ್ಕ. ಇದನ್ನು ಅಮೆರಿಕದ ನೌಕಾಪಡೆಯ ತರಬೇತಿಯಲ್ಲೂ ಹೀಗೇ ಹೇಳಿಕೊಡುತ್ತಾರೆ.

ಇನ್ನು ಇಂಧನದ ಮೀಟರ್‌ಗಳು. ಸರ್ವಿಸ್ ಟ್ಯಾಂಕ್ ಮಟ್ಟ, ಹೀಟರ್ ಟೆಂಪರೇಚರ್, ಬೂಸ್ಟರ್ ಪಂಪ್ ಪ್ರೆಶರ್ ನಿಮಗೆ ನೋಡಿದ ಕೂಡಲೇ ಅರ್ಥವಾಗುತ್ತವೆ. ನಾನು ಒತ್ತಿ ಹೇಳಬೇಕಾದ್ದು ಫಿಲ್ಟರ್‌ನ ಡಿಫರೆನ್ಷಿಯಲ್ ಪ್ರೆಶರ್ ಬಗ್ಗೆ. ಹಡಗಿನ ಡೀಸೆಲ್‌ಗೆ ಸಮುದ್ರದ ನೀರು ಸೇರುವ ಭಯ ಯಾವಾಗಲೂ ಇರುತ್ತದೆ. ಆ ಉಪ್ಪಿನ ಸೋಡಿಯಂ, ಇಂಧನದ ಗಂಧಕದ ಜೊತೆ ಸೇರಿ ಬಿಸಿ ಬ್ಲೇಡ್‌ಗಳನ್ನು ತಿಂದು ಹಾಕುತ್ತದೆ. ಅದಕ್ಕೇ ಕೋಲೆಸರ್ ಫಿಲ್ಟರ್ ಇಟ್ಟು ನೀರು ಬೇರೆ ಮಾಡುತ್ತಾರೆ. ಅದರ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಏರುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ. ಇದು ಎಲ್ಲರಿಗೂ ಗೊತ್ತು. ಆದರೆ ಡೀಸೆಲ್ ಅಷ್ಟೇ ಹರಿಯುತ್ತಿರುವಾಗ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ? ಫಿಲ್ಟರ್ ತಾನಾಗೇ ಶುದ್ಧವಾಗಲಿಲ್ಲ, ಒಳಗಿನ ಸೋಸುವ ಎಲಿಮೆಂಟ್ ಹರಿದಿರಬಹುದು. ಕಸ, ನೀರು ಎರಡೂ ನೇರ ಎಂಜಿನ್‌ಗೆ ಹೋಗುತ್ತವೆ. ಇಳಿದ ಮುಳ್ಳಿಗೂ ಅಷ್ಟೇ ಗಮನ ಕೊಡು ಅಂತ ನಿಮ್ಮ ತಮ್ಮನಿಗೆ ಖಂಡಿತ ಹೇಳಿ.

ದೀಪಗಳ ವಿಷಯ ಸುಲಭ. ಅಲಾರಂ ಬಂದಾಗ ದೀಪ ಮಿಣುಕುತ್ತದೆ, ಹಾರ್ನ್ ಕೂಗುತ್ತದೆ. ಅಕ್ನಾಲೆಜ್ ಒತ್ತಿದರೆ ಹಾರ್ನ್ ನಿಲ್ಲುತ್ತದೆ, ದೀಪ ಮಿಣುಕದೆ ಉರಿಯುತ್ತಿರುತ್ತದೆ. ತೊಂದರೆ ಹಾಗೇ ಇದೆ ಅನ್ನುವುದು ಅದರ ಅರ್ಥ. ಡ್ಯೂಟಿ ವಹಿಸಿಕೊಂಡ ಕೂಡಲೇ ಲ್ಯಾಂಪ್ ಟೆಸ್ಟ್ ಬಟನ್ ಒತ್ತಿ ನೋಡಬೇಕು, ಬಲ್ಬ್ ಹೋಗಿದ್ದರೂ ದೀಪ ಉರಿಯುವುದಿಲ್ಲವಲ್ಲ.